ಪ್ರಭುತ್ವದ ಮೂಲವೂ ಪ್ರಯೋಜನವೂ: ಕ್ರೈಸ್ತ ವಿಚಾರದ ಬೆಳಕಿನಲ್ಲಿ

ಶರಶಯ್ಯೆಯಲ್ಲಿ ಮಲಗಿದ ಭೀಷ್ಮನಿಗೆ ಧರ್ಮರಾಯನು ಕೇಳಿದ ಪ್ರಶ್ನೆಗಳು ಅನೇಕ. ಅವುಗಳಲ್ಲಿ ಒಂದು ಮಾತ್ರ, ಪಾಠಶಾಲೆಯಲ್ಲಿ ಅದನ್ನು ಮೊದಲು ಓದಿದಂದಿನಿಂದ ಇಂದಿನ ವರೆಗೂ ನನ್ನನ್ನು ಬಿಟ್ಟಿಲ್ಲ. ಅರಸನಿಗೂ ಉಳಿದವರಂತೆಯೇ ಎರಡು ಕೈಗಳು, ಒಂದು ಕೊರಳು, ಒಂದು ಹೊಟ್ಟೆ. ಹುಟ್ಟು ಸಾವುಗಳೂ ಸುಖ ದುಃಖಗಳೂ ಅವನಿಗೆ ನಮ್ಮಂತೆಯೇ ಇರುತ್ತವೆ. ಹೀಗಿರುವಾಗ ಅವನೊಬ್ಬನು ತನಗಿಂತ ಶೂರರೂ ಬುದ್ಧಿವಂತರೂ ಆದ ಸಾವಿರಾರು ಜನರನ್ನು ಆಳುವದೆಂತು, ಅವರೆಲ್ಲರೂ ಅವನಿಗೆ ತಲೆಬಾಗುವದೇಕೆ? ಧರ್ಮರಾಯನ ಶಂಕೆಯ ಸಾರವು ಇದು. ಈ ಶಂಕೆಯು ಅರಸರ ಕಾಲದೊಡನೆ ಮುಗಿದುಹೋಗಲಿಲ್ಲ. ಅರಸನಿದ್ದಲ್ಲಿ ಮಂತ್ರಿ, ಮಾಮಲೇದಾರ, ಫೌಜದಾರ, ಗ್ರಾಮಪಂಚಾಯತಿಯ ಅಧ್ಯಕ್ಷ ಇವರಲ್ಲಿ ಯಾರನ್ನಾದರೂ ಇಟ್ಟು ಕೇಳಿದರೂ ಪ್ರಶ್ನೆಯು ಹಾಗೆಯೇ ಉಳಿಯುವದು.

ಈ ಪ್ರಶ್ನೆಗೆ ಕ್ರೈಸ್ತರು ಏನು ಉತ್ತರ ಕೊಟ್ಟಿರುವರೆಂಬದನ್ನು ನಾನು ತಿಳಿದದ್ದು ಬೈಲಹೊಂಗಲದಲ್ಲಿ, ನಮ್ಮ ಓಣಿಯಲ್ಲಿದ್ದ ವೃದ್ಧ ಪಾದ್ರಿಯವರೊಬ್ಬರಿಂದ. ಅವರೀಗ ಇಲ್ಲ. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಶಾಲೆಯ ಮಾಸ್ತರಿಕೆ ಮಾಡಿದವನು. ಅವರು ಕನ್ನಡ ಬೈಬಲನ್ನು ಕಣ್ಣಿಗೊತ್ತಿಕೊಂಡು ಬೆಳೆದವರು. ಸಂಜೆಯಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಅನೇಕ ವರ್ಷ ವಾದಿಸಿದೆವು. ಅವರು ನನ್ನನ್ನು ಕ್ರೈಸ್ತನನ್ನಾಗಿ ಮಾಡಲಿಲ್ಲ, ನಾನು ಅವರನ್ನು ವೈದಿಕರನ್ನಾಗಿ ಮಾಡಲಿಲ್ಲ. ಆದರೆ ಒಬ್ಬರ ಗ್ರಂಥವನ್ನು ಮತ್ತೊಬ್ಬರು ಆದರದಿಂದ ಓದುವದನ್ನು ಕಲಿತೆವು.

ಮೊದಲು ನಮ್ಮ ಕಥೆಯನ್ನು ನೋಡೋಣ. ಶಾಂತಿಪರ್ವದ ಪ್ರಕಾರ ಆದಿಯಲ್ಲಿ ರಾಜ್ಯವೂ ಇರಲಿಲ್ಲ, ರಾಜನೂ ಇರಲಿಲ್ಲ. ಪ್ರಜೆಗಳು ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಬಳಿಕ ಮೋಹವು ಹುಟ್ಟಿತು, ಮೋಹದಿಂದ ಲೋಭವು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವು ಪ್ರಾಪ್ತವಾಯಿತು. ಜನರು ಬ್ರಹ್ಮನಿಗೆ ಮೊರೆಯಿಟ್ಟರು. ಬ್ರಹ್ಮನು ಮನುವನ್ನು ತೋರಿಸಿದನು. ಮನುವು ಒಪ್ಪಲಿಲ್ಲ. ಆಳಿಕೆಯು ಪಾಪದ ಕೆಲಸ, ಅದರಲ್ಲಿಯೂ ಸುಳ್ಳಿಗೆ ಒಗ್ಗಿದ ಮನುಷ್ಯರನ್ನು ಆಳುವದು ಕಠಿಣ, ತನಗೆ ಭಯವಾಗುತ್ತದೆಂದು ಹಿಂದೆಗೆದನು. ಆಗ ಜನರು ಪಶುಗಳಲ್ಲಿಯೂ ಬಂಗಾರದಲ್ಲಿಯೂ ಐವತ್ತರಲ್ಲೊಂದು ಭಾಗ, ಧಾನ್ಯದಲ್ಲಿ ಹತ್ತರಲ್ಲೊಂದು ಭಾಗ ಕೊಡುವೆವೆಂದೂ ತಮ್ಮ ಪುಣ್ಯದಲ್ಲಿ ನಾಲ್ಕನೆಯ ಪಾಲು ಅವನದೆಂದೂ ಮಾತು ಕೊಟ್ಟು ಅವನನ್ನು ಒಪ್ಪಿಸಿದರು.

ಇನ್ನು ಬೈಬಲಿನ ಕಥೆ. ಇಸ್ರಾಯೇಲರಿಗೆ ಮೊದಲು ಅರಸನಿರಲಿಲ್ಲ. ಒಬ್ಬೊಬ್ಬನು ತನಗೆ ಸರಿ ತೋರಿದಂತೆ ನಡೆಯುತ್ತಿದ್ದನೆಂದು ನ್ಯಾಯಸ್ಥಾಪಕರ ಗ್ರಂಥವು ಹೇಳುವದು. ಬಳಿಕ ಜನರು ಪ್ರವಾದಿಯಾದ ಸಮುವೇಲನ ಬಳಿಗೆ ಬಂದು, ಸುತ್ತಣ ಜನಾಂಗಗಳಿಗಿರುವಂತೆ ತಮಗೂ ಒಬ್ಬ ಅರಸನು ಬೇಕೆಂದು ಹಟ ಹಿಡಿದರು. ಸಮುವೇಲನು ನೊಂದುಕೊಂಡನು. ಅವರು ತಿರಸ್ಕರಿಸಿದ್ದು ನಿನ್ನನ್ನಲ್ಲ, ನನ್ನನ್ನು ಎಂದು ದೇವರು ಅವನಿಗೆ ತಿಳಿಸಿ, ಅವರ ಬೇಡಿಕೆಯನ್ನು ಸಲ್ಲಿಸೆಂದನು. ಆದರೆ ಅರಸನೆಂದರೆ ಏನೆಂಬದನ್ನು ಮೊದಲು ಅವರಿಗೆ ಸ್ಪಷ್ಟವಾಗಿ ಹೇಳಬೇಕೆಂದನು. ಸಮುವೇಲನು ಹೇಳಿದನು: ಅರಸನು ನಿಮ್ಮ ಗಂಡುಮಕ್ಕಳನ್ನು ತನ್ನ ರಥಗಳ ಮುಂದೆ ಓಡಿಸುವನು, ಹೆಣ್ಣುಮಕ್ಕಳನ್ನು ಅಡಿಗೆಗೆ ಹಚ್ಚುವನು, ಒಳ್ಳೆಯ ಹೊಲತೋಟಗಳನ್ನು ತನ್ನ ಸೇವಕರಿಗೆ ಕೊಡುವನು, ಬೆಳೆಯಲ್ಲಿ ಹತ್ತನೆಯ ಪಾಲನ್ನು ಕಿತ್ತುಕೊಳ್ಳುವನು. ಜನರು ಕೇಳಲಿಲ್ಲ; ಅರಸನನ್ನು ಪಡೆದರು.

ವಾಚಕರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಎರಡು ಗ್ರಂಥಗಳಲ್ಲಿಯೂ ಧಾನ್ಯದ ಹತ್ತನೆಯ ಪಾಲು ಬಂದಿದೆ. ಒಂದರಲ್ಲಿ ಅದು ಪ್ರಜೆಗಳು ತಾವಾಗಿ ಕೊಟ್ಟ ಮಾತು, ಮತ್ತೊಂದರಲ್ಲಿ ಪ್ರವಾದಿಯು ಕೊಟ್ಟ ಎಚ್ಚರಿಕೆ. ಕರವು ಒಂದೇ, ರಕ್ಷಣೆಗೆ ಪ್ರತಿಯಾಗಿ ಕೊಟ್ಟರೆ ಸಂಬಳವಾಗುವದು, ರಕ್ಷಣೆಯಿಲ್ಲದೆ ಕಿತ್ತುಕೊಂಡರೆ ಸುಲಿಗೆಯಾಗುವದು. ಮತ್ತೂ ಒಂದು ಸಾಮ್ಯವುಂಟು. ಮನುವು ಹೇಗೆ ಹಿಂದೆಗೆದನೋ ಹಾಗೆಯೇ ಬೈಬಲಿನ ಯೋತಾಮನು ಹೇಳಿದ ಸಾಮತಿಯಲ್ಲಿ ಎಣ್ಣೆಮರವೂ ಅಂಜೂರವೂ ದ್ರಾಕ್ಷೆಯೂ ಗಿಡಗಳ ಅರಸುತನವನ್ನು ಬೇಡವೆನ್ನುತ್ತವೆ. ತಮ್ಮ ಎಣ್ಣೆಯನ್ನೂ ಸಿಹಿಯನ್ನೂ ಬಿಟ್ಟು ಉಳಿದ ಮರಗಳ ಮೇಲೆ ತೂಗಾಡಲು ಅವು ಒಲ್ಲವು. ಕಟ್ಟಕಡೆಗೆ ಮುಳ್ಳಿನ ಗಿಡವು ಸಂತೋಷದಿಂದ ಒಪ್ಪಿಕೊಂಡು, ಎಲ್ಲರೂ ತನ್ನ ನೆರಳಿಗೆ ಬರಬೇಕೆಂದು ಅಪ್ಪಣೆ ಮಾಡುವದು. ಅಧಿಕಾರಕ್ಕೆ ಅಂಜುವವನಿಗೇ ಅಧಿಕಾರವು ಸಲ್ಲತಕ್ಕದ್ದೆಂಬ ಭಾವವು ಎರಡು ಕಡೆಗೂ ಸಮಾನವಾಗಿದೆ.

ಕ್ರೈಸ್ತ ಧರ್ಮವು ಬಂದ ಮೇಲೆ ಈ ವಿಚಾರಕ್ಕೆ ಹೊಸ ಮುಖವು ಬಂದಿತು. ಸುಮಾರು ಕ್ರಿ. ಶ. 57ರಲ್ಲಿ ಪೌಲನು ರೋಮಾಪುರದ ಕ್ರೈಸ್ತರಿಗೆ ಒಂದು ಪತ್ರ ಬರೆದನು. ಅದರ ಹದಿಮೂರನೆಯ ಅಧ್ಯಾಯದಲ್ಲಿ, ಅಧಿಕಾರವೆಲ್ಲವೂ ದೇವರಿಂದ ಬಂದದ್ದು, ಅಧಿಕಾರಿಯು ಪ್ರಜೆಗಳ ಹಿತಕ್ಕಾಗಿ ದೇವರ ಸೇವಕನು, ಅವನು ಕತ್ತಿಯನ್ನು ಸುಮ್ಮನೆ ಹಿಡಿದಿಲ್ಲ, ಆದಕಾರಣ ಅಂಜಿಕೆಯಿಂದ ಮಾತ್ರವಲ್ಲ, ಮನಸ್ಸಾಕ್ಷಿಯ ಸಲುವಾಗಿಯೂ ಅವನಿಗೆ ಅಧೀನರಾಗಬೇಕು, ಕರ ಕೊಡಬೇಕು ಎಂಬ ಅಭಿಪ್ರಾಯವುಂಟು. ಆಗ ರೋಮಿನ ಸಿಂಹಾಸನದ ಮೇಲೆ ಕುಳಿತವನು ನೀರೋ ಚಕ್ರವರ್ತಿ. ಏಳು ವರ್ಷಗಳ ಮೇಲೆ, 64ರಲ್ಲಿ ರೋಮಾಪುರವು ಸುಟ್ಟಾಗ, ಅದೇ ನೀರೋ ಆ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ಅವರನ್ನು ಕ್ರೂರವಾಗಿ ಕೊಲ್ಲಿಸಿದನು. ಪೌಲನ ಮಾತಿನ ಬೆಲೆಯನ್ನು ಕಟ್ಟುವಾಗ ಈ ಸಂಗತಿಯನ್ನು ಮರೆಯಲಾಗದು.

ಪೌಲನ ನಂತರದ ವಿದ್ವಾಂಸರಲ್ಲಿ ಎರಡು ಪಕ್ಷಗಳಾದವು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪನಾದ ಅಗಸ್ಟೀನನು (354-430) ರೋಮಾಪುರವು 410ರಲ್ಲಿ ಶತ್ರುಗಳ ಪಾಲಾದ ಮೇಲೆ 'ದೇವರ ನಗರ'ವೆಂಬ ಮಹಾಗ್ರಂಥವನ್ನು ಬರೆದನು. ದೇವರು ಮನುಷ್ಯನಿಗೆ ಪಶುಪಕ್ಷಿಗಳ ಮೇಲೆ ಒಡೆತನ ಕೊಟ್ಟನೇ ಹೊರತು ಮನುಷ್ಯರ ಮೇಲಲ್ಲ. ಪಾಪವು ಹುಟ್ಟಿದ್ದರಿಂದ ಅದನ್ನು ತಡೆಯಲು ದಂಡವು ಬೇಕಾಯಿತು ಎಂಬದು ಅವನ ಮತ. ನ್ಯಾಯವನ್ನು ತೆಗೆದುಬಿಟ್ಟರೆ ರಾಜ್ಯವೆಂಬದು ದೊಡ್ಡ ದರೋಡೆಗಾರರ ಗುಂಪೇ ಸರಿಯೆಂದು ಹೇಳಿ, ಸೆರೆಸಿಕ್ಕ ಕಡಲುಗಳ್ಳನು ಅಲೆಕ್ಸಾಂಡರನಿಗೆ, ತಾನು ಒಂದು ಹಡಗಿನಿಂದ ಮಾಡುವದನ್ನೇ ಅವನು ದೊಡ್ಡ ನೌಕಾಪಡೆಯಿಂದ ಮಾಡುತ್ತಿರುವನೆಂದು ಉತ್ತರ ಕೊಟ್ಟ ಕಥೆಯನ್ನು ಅಲ್ಲಿಯೇ ಹೇಳಿದ್ದಾನೆ. ಹದಿಮೂರನೆಯ ಶತಮಾನದ ಥಾಮಸ ಅಕ್ವಿನಾಸನಾದರೋ, ಮನುಷ್ಯನು ಸ್ವಭಾವದಿಂದಲೇ ಕೂಡಿ ಬಾಳುವವನು. ಪಾಪವೇ ಇಲ್ಲದಿದ್ದರೂ ಅನೇಕರು ಕೂಡಿದಲ್ಲಿ ಎಲ್ಲರ ಹಿತವನ್ನು ನೋಡಿ ದಾರಿ ತೋರಿಸುವವನೊಬ್ಬನು ಬೇಕಾಗುತ್ತಿದ್ದನೆಂದು ಹೇಳಿದನು. ಅಗಸ್ಟೀನನ ಮತದಂತೆ ಪ್ರಭುತ್ವವು ಔಷಧ. ಥಾಮಸನ ಮತದಂತೆ ಅದು ಅನ್ನ. ರೋಗವಿಲ್ಲದಿದ್ದರೆ ಔಷಧವು ಬೇಡ, ಆದರೆ ನಿರೋಗಿಗೂ ಅನ್ನವು ಬೇಕು. ನನಗೆ ತೋರುವದೇನೆಂದರೆ, ಸೆರೆಮನೆಯನ್ನು ನೋಡಿದಾಗ ಅಗಸ್ಟೀನನು ಸರಿ, ಕೆರೆಯನ್ನೋ ರಸ್ತೆಯನ್ನೋ ಸಾಲೆಯನ್ನೋ ನೋಡಿದಾಗ ಥಾಮಸನು ಸರಿ.

ಆದರೆ ಇದೆಲ್ಲವೂ ಗ್ರಂಥದ ಮಾತು. ನಾವಿರುವದು ಬೈಲಹೊಂಗಲದಲ್ಲಿ, ಇಲ್ಲಿ ಕುಳಿತು ಪೌಲನ ಪತ್ರವನ್ನು ಓದುವವನ ಕಣ್ಣ ಮುಂದೆ ಕಿತ್ತೂರು ಬಾರದೆ ಇರದು. 1824ರ ಸೆಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿಯು ತೀರಿಕೊಂಡನು. ಅವನು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪದೆ ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿದನು. ಅಕ್ಟೋಬರ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯು ಹತನಾದನು. ಡಿಸೆಂಬರದಲ್ಲಿ ಕಂಪನಿಯ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನು ಇದೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರ ಫೆಬ್ರುವರಿಯಲ್ಲಿ ಮಡಿದಳು. ಆಕೆಯ ಸಮಾಧಿಯು ನಮ್ಮ ಊರಲ್ಲಿದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನೆವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಲಂಡನ್ ಮಿಶನದವರು ಬೆಳಗಾವಿಗೆ ಬಂದದ್ದು 1820ರಲ್ಲಿ. ಬಳ್ಳಾರಿಯ ಹ್ಯಾಂಡ್ಸ್ ಪಾದ್ರಿಯವರ ಪರಿಶ್ರಮದಿಂದ ಕನ್ನಡದಲ್ಲಿ ಪೂರ್ಣ ಬೈಬಲು ಹೊರಬಿದ್ದದ್ದು ರಾಯಣ್ಣನು ಗಲ್ಲಿಗೇರಿದ 1831ರಲ್ಲಿಯೇ. ಹೀಗೆ ಅಧಿಕಾರವು ದೇವರಿಂದ ಬಂದದ್ದೆಂಬ ಮಾತೂ ಅಧಿಕಾರದ ಹಗ್ಗವೂ ನಮ್ಮ ನಾಡಿಗೆ ಒಂದೇ ಕಾಲಕ್ಕೆ ಬಂದವು.

ಒಂದು ಸಂಜೆ ನಾನು ಪಾದ್ರಿಯವರನ್ನು ತುಸು ಬಿರುಸಾಗಿಯೇ ಕೇಳಿದೆನು: "ಪಾದ್ರಿಯವರೇ, ಅಧಿಕಾರವೆಲ್ಲ ದೇವರಿಂದ ಬಂದದ್ದಾದರೆ ಥ್ಯಾಕರೆಯ ಅಧಿಕಾರವೂ ದೇವರಿಂದಲೇ ಬಂದಿತ್ತೇ? ಚೆನ್ನಮ್ಮ ದೇವರ ಮೇಲೆ ಕತ್ತಿ ಎತ್ತಿದಳೇ?"

ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಮಾಸ್ತರೇ, ನೀವು ಆ ವಾಕ್ಯದ ಅರ್ಧವನ್ನಷ್ಟೇ ಓದಿದಿರಿ. ಪೌಲನು ಅಧಿಕಾರಿಯನ್ನು ದೇವರ ಸೇವಕನೆಂದ. ಸೇವಕನಾದವನು ಒಡೆಯನಿಗೆ ಲೆಕ್ಕ ಒಪ್ಪಿಸಬೇಕಲ್ಲವೇ? ಚೆನ್ನಮ್ಮನೂ ಅಧಿಕಾರದಲ್ಲಿದ್ದವಳೇ, ಅವಳೂ ಲೆಕ್ಕ ಒಪ್ಪಿಸಬೇಕು. ಯಾರ ಲೆಕ್ಕ ಸರಿಯಾಯಿತೆಂಬದನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ."

ಆ ಮಾತಿನ ಸತ್ಯವನ್ನು ತೂಗಲು ಕಿತ್ತೂರಿನ ಇತಿಹಾಸದಲ್ಲಿಯೇ ಒಂದು ಸಾಕ್ಷಿಯುಂಟು. ಥ್ಯಾಕರೆಯು ಸತ್ತ ದಿನ ಅವನ ಇಬ್ಬರು ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್ಸನ್ ಕಿತ್ತೂರಿನವರ ಕೈಗೆ ಸಿಕ್ಕರು. ಕೋಪವು ಉರಿಯುತ್ತಿದ್ದ ಆ ಹೊತ್ತಿನಲ್ಲಿಯೂ ಅವರ ಪ್ರಾಣಕ್ಕೆ ಅಪಾಯವಾಗಲಿಲ್ಲ. ಕೆಲವು ವಾರಗಳ ಮೇಲೆ ಅವರನ್ನು ಸುಖರೂಪವಾಗಿ ಬಿಟ್ಟುಕೊಟ್ಟರು. ಈ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಿಲಾಶಾಸನಗಳನ್ನು ನಕಲು ಮಾಡಿಸಿ ನಮ್ಮ ಪ್ರಾಚೀನ ಇತಿಹಾಸದ ಬಾಗಿಲನ್ನು ತೆರೆದವರಲ್ಲಿ ಒಬ್ಬನಾದನು. ಕೈಗೆ ಸಿಕ್ಕ ಶತ್ರುವನ್ನು ಕೊಲ್ಲುವ ಬಲವಿದ್ದೂ ಕೊಲ್ಲದಿರುವದು ಪ್ರಭುತ್ವದ ಲಕ್ಷಣ. ಭಂಡಾರಕ್ಕೆ ಮುದ್ರೆ ಹಾಕಿಸುವದಕ್ಕೆ ಸೈನ್ಯವೊಂದಿದ್ದರೆ ಸಾಕು.

ಕ್ರೈಸ್ತ ಪರಂಪರೆಯಲ್ಲಿಯೂ ಪೌಲನ ಮಾತು ಒಂಟಿಯಾಗಿ ನಿಂತಿಲ್ಲ. ಯೇಸುವಿನ ಹೆಸರಿನಲ್ಲಿ ಬೋಧಿಸಬಾರದೆಂದು ಯೆರೂಸಲೇಮಿನ ಅಧಿಕಾರಿಗಳು ಅಪ್ಪಣೆ ಮಾಡಿದಾಗ ಪೇತ್ರನು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗುವದೇ ಯೋಗ್ಯವೆಂದು ಉತ್ತರಿಸಿದನು. ಕೈಸರನಿಗೆ ಸಲ್ಲತಕ್ಕದ್ದನ್ನು ಕೈಸರನಿಗೆ ಕೊಡಬೇಕೆಂದ ಯೇಸುವು ದೇವರಿಗೆ ಸಲ್ಲತಕ್ಕದ್ದನ್ನು ದೇವರಿಗೆ ಕೊಡಬೇಕೆಂದೂ ಹೇಳಿದನು. ಅಂದರೆ ಕೈಸರನಿಗೆ ಸಲ್ಲದ್ದು ಏನೋ ಒಂದು ಉಂಟು. ಹಿಟ್ಲರನ ಕಾಲದಲ್ಲಿ ಜರ್ಮನಿಯ ಅನೇಕ ಕ್ರೈಸ್ತರು ಪೌಲನ ಅಧ್ಯಾಯವನ್ನೇ ಮುಂದಿಟ್ಟು ಅವನಿಗೆ ಕೈಮುಗಿದರು. ಆದರೆ 1934ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬಲ್ಲಿ ಕೂಡಿದ ಇತರರು, ನ್ಯಾಯವನ್ನೂ ಶಾಂತಿಯನ್ನೂ ಕಾಯುವದು ರಾಜ್ಯಕ್ಕೆ ದೇವರು ನೇಮಿಸಿದ ಕೆಲಸ, ಮನುಷ್ಯನ ಬಾಳನ್ನೆಲ್ಲ ಒಳಗೊಂಡು ಆಳುವದು ಅದರ ಕೆಲಸವಲ್ಲವೆಂದು ಸಾರಿದರು. ಒಂದೇ ಗ್ರಂಥವನ್ನು ಓದಿದ ಎರಡು ಗುಂಪುಗಳು. ಒಂದು ಗುಂಪು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿತು, ಇನ್ನೊಂದು ಕೊನೆಯ ವರೆಗೆ ಓದಿತು.

ಇಲ್ಲಿ ಒಂದು ಆಕ್ಷೇಪಣೆಯು ಬರುವದು. ಅಧಿಕಾರಿಯು ನ್ಯಾಯವಂತನೋ ಅಲ್ಲವೋ ಎಂಬದನ್ನು ಪ್ರತಿಯೊಬ್ಬನೂ ತಾನೇ ನಿರ್ಣಯಿಸತೊಡಗಿದರೆ ಮತ್ತೆ ಮತ್ಸ್ಯನ್ಯಾಯವೇ ಬಾರದೇ? ಆಕ್ಷೇಪಣೆಯು ಹಗುರಾದದ್ದಲ್ಲ. ರಾಮದುರ್ಗ ಸಂಸ್ಥಾನದಲ್ಲಿ ಪ್ರಜೆಗಳ ಚಳವಳಿಗೆ ನ್ಯಾಯವಾದ ಕಾರಣಗಳಿದ್ದವು. ಆದರೆ 1939ರ ಏಪ್ರಿಲ 7ರಂದು, ನಾಯಕರನ್ನು ಹಿಡಿದದ್ದಕ್ಕಾಗಿ ರೊಚ್ಚಿಗೆದ್ದ ಜನಸಮೂಹವು ಸೆರೆಮನೆಗೆ ನುಗ್ಗಿತು. ಪೋಲೀಸರು ಪ್ರಾಣ ಕಳೆದುಕೊಂಡರು. ಆ ಬಳಿಕ ಪ್ರಜೆಗಳಲ್ಲಿ ಕೆಲವರಿಗೆ ಗಲ್ಲಾಯಿತು. ಸತ್ತ ಪೋಲೀಸರೂ ಯಾರೋ ಬಡವರ ಮನೆಯ ಮಕ್ಕಳೇ. ಹಳೆಯ ಕ್ರೈಸ್ತರು ಚಕ್ರವರ್ತಿಗೆ ಪೂಜೆ ಮಾಡಲೊಲ್ಲೆವೆಂದರು, ಆದರೆ ಅವನ ಕ್ಷೇಮಕ್ಕಾಗಿ ಪ್ರಾರ್ಥಿಸಿದರು. ಆಜ್ಞೆಯನ್ನು ಮೀರಿದ್ದರ ಫಲವನ್ನು ತಮ್ಮ ಮೈಮೇಲೆಯೇ ತೆಗೆದುಕೊಂಡರು. ಅನ್ಯಾಯಕ್ಕೆ ಒಪ್ಪದಿರುವ ಹಕ್ಕು ಎಲ್ಲರಿಗೂ ಉಂಟು. ಆದರೆ ಆ ಹಕ್ಕಿನ ಬೆಲೆಯನ್ನು ಬೇರೊಬ್ಬನ ಪ್ರಾಣದಿಂದ ತೆರಿಸುವದು ಸಲ್ಲದು. ಕತ್ತಿ ಹಿಡಿದ ಚೆನ್ನಮ್ಮನ ವಿಷಯದಲ್ಲಿ ಈ ನಿಯಮವು ಹೇಗೆ ಹೊಂದುವದೆಂದು ಕೇಳಿದರೆ, ಆಕೆಯು ಬರಿಯ ಪ್ರಜೆಯಲ್ಲ, ತನ್ನ ಜನರ ರಕ್ಷಣೆಯ ಹೊಣೆ ಹೊತ್ತವಳು ಎಂಬದೇ ನನ್ನ ಉತ್ತರ.

ಅಧಿಕಾರಿಗೆ ಲೆಕ್ಕ ಕೇಳುವವರು ಯಾರು? ನಮ್ಮ ಸವದತ್ತಿಯ ರಟ್ಟರ ಆಳಿಕೆಯಲ್ಲಿ, ಹದಿಮೂರನೆಯ ಶತಮಾನದ ಆರಂಭದಲ್ಲಿ, ಮುನಿಚಂದ್ರನೆಂಬ ಜೈನಾಚಾರ್ಯನು ರಾಜಗುರುವಾಗಿದ್ದು ಮಂತ್ರಿಯೂ ಆಗಿದ್ದನು. ರಟ್ಟರಾಜ್ಯವನ್ನು ನೆಲೆಗೊಳಿಸಿದವನೆಂದು ಸವದತ್ತಿಯ ಶಾಸನವು ಅವನನ್ನು ಹೊಗಳಿದೆ. ಇದು ಒಂದು ಬಗೆ: ಧರ್ಮವನ್ನು ಬಲ್ಲವನು ಅರಸನ ಮಗ್ಗುಲಲ್ಲಿಯೇ ಕುಳಿತು ರಾಜ್ಯವನ್ನು ತಿದ್ದುವದು. ಮಿಲಾನಿನ ಬಿಷಪನಾದ ಅಂಬ್ರೋಸನು ತೋರಿಸಿದ್ದು ಇನ್ನೊಂದು ಬಗೆ. 390ರಲ್ಲಿ ಥಿಯೊಡೋಸಿಯಸ ಚಕ್ರವರ್ತಿಯು ಸಿಟ್ಟಿನ ಭರದಲ್ಲಿ ಥೆಸಲೊನೀಕದ ಸಾವಿರಾರು ನಿವಾಸಿಗಳನ್ನು ಕೊಲ್ಲಿಸಿದನು. ಅಂಬ್ರೋಸನು ಸೈನ್ಯ ಕಟ್ಟಲಿಲ್ಲ, ದಂಗೆ ಎಬ್ಬಿಸಲಿಲ್ಲ; ಪಶ್ಚಾತ್ತಾಪ ಪಡುವ ವರೆಗೆ ಚಕ್ರವರ್ತಿಗೆ ಪ್ರಸಾದವಿಲ್ಲವೆಂದು ಬರೆದು ತಿಳಿಸಿದನು. ಜಗತ್ತಿನ ಒಡೆಯನೆನಿಸಿದವನು ರಾಜಚಿಹ್ನೆಗಳನ್ನು ತೆಗೆದಿಟ್ಟು ದೇವಾಲಯದಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಕೊಂಡನು.

ಈ ಕಥೆಯನ್ನು ಪಾದ್ರಿಯವರು ಹೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದರ ಕಾರಣವನ್ನು ಇಲ್ಲಿ ಹೇಳಲೇಬೇಕು.

1989ರ ಸುಮಾರಿಗೆ ನಾನು ಒಂದು ಹಳ್ಳಿಯ ಶಾಲೆಯಲ್ಲಿದ್ದೆನು. ಹುಡುಗರು ತಂದುಕೊಟ್ಟ ಪರೀಕ್ಷೆಯ ಫೀಯನ್ನು ಕೂಡಿಸಿ ಮೇಜಿನ ಖಾನೆಯಲ್ಲಿಟ್ಟಿದ್ದೆನು. ಮಧ್ಯಾಹ್ನ ನೋಡಿದರೆ ಹಣವಿಲ್ಲ. ಸುಣ್ಣದ ಕಡ್ಡಿ ತರಲು ಆ ಕೋಣೆಗೆ ಹೋಗಿದ್ದವನು ಒಬ್ಬ ಕೂಲಿಕಾರನ ಮಗನು. ಅವನು "ನಾ ತಗೊಂಡಿಲ್ರೀ ಸರ" ಎಂದು ಮತ್ತೆ ಮತ್ತೆ ಹೇಳಿದನು. ಅವನ ಅಂಗಿಯ ಹರಕು ನನಗೆ ಸಾಕ್ಷಿಯಂತೆ ತೋರಿತು. ಶಾಲೆಯ ಹುಡುಗರೆಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಅವರ ಮುಂದೆ ಅವನನ್ನು ಬೆತ್ತದಿಂದ ಹೊಡೆದೆನು. ಎಂಟು ದಿನಗಳ ಮೇಲೆ ಹಳೆಯ ಹಾಜರಿ ಪುಸ್ತಕವನ್ನು ತೆರೆದಾಗ ಅದರ ರಟ್ಟಿನ ಒಳಗೆ ಆ ನೋಟುಗಳು ಸಿಕ್ಕವು, ಇಟ್ಟವನು ನಾನೇ.

ಆ ಸಂಜೆ ಅವನ ಮನೆಗೆ ಹೋದೆನು. ತಂದೆಯು ಗೋಣಿತಟ್ಟು ಹಾಸಿ ಕುಳ್ಳಿರಿಸಿದನು. ತಪ್ಪು ನನ್ನದೆಂದು ಹೇಳಿದೆನು. ಅವನು ಕೈಮುಗಿದು, "ಇರ್ಲಿ ಬಿಡ್ರೀ ಮಾಸ್ತರ. ನೀವು ಹೊಡದೀರಿ ಅಂದಮ್ಯಾಲೆ ಅಂವಾ ಏನರ ತಪ್ಪ ಮಾಡಿರಬೇಕು" ಎಂದನು. ಹುಡುಗನು ಕಂಬದ ಮರೆಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದನು. ಅವನು ಮತ್ತೆ ಶಾಲೆಗೆ ಬರಲಿಲ್ಲ.

ಅಧಿಕಾರಕ್ಕೆ ಅಧೀನನಾಗಿರುವದೆಂದರೆ ಏನೆಂಬದನ್ನು ಆ ತಂದೆಯಲ್ಲಿ ಕಂಡೆನು. ಬೆತ್ತ ಹಿಡಿದವನು ತಾನೇ ತಪ್ಪೆಂದು ಒಪ್ಪಿದರೂ ಬೆತ್ತವು ತಪ್ಪಲಾರದೆಂದು ಅವನು ನಂಬಿದ್ದನು. ಅಂಥ ನಂಬಿಗೆಯನ್ನು ಪಡೆದವನು ಎಷ್ಟು ಅಂಜಬೇಕು! ಅಗಸ್ಟೀನನು ತನ್ನ ಗ್ರಂಥದ ಹತ್ತೊಂಬತ್ತನೆಯ ಭಾಗದಲ್ಲಿ, ನಿಜವನ್ನು ಅರಿಯಲಾರದೆ ನಿರಪರಾಧಿಯನ್ನು ಹಿಂಸಿಸಿಬಿಡುವ ನ್ಯಾಯಾಧೀಶನ ದುಃಸ್ಥಿತಿಯನ್ನು ವಿವರಿಸಿದ್ದಾನೆ. ಅಂಥವನು ಪೀಠವನ್ನು ಬಿಟ್ಟು ಓಡಬೇಕೇ? ಬೇಡ, ಸಮಾಜಕ್ಕೆ ಅವನು ಬೇಕು. ಆದರೆ ಈ ಅನಿವಾರ್ಯದಿಂದ ತನ್ನನ್ನು ಬಿಡಿಸೆಂದು ಅವನು ದೇವರಿಗೆ ಮೊರೆಯಿಡಬೇಕೆಂದು ಹೇಳುತ್ತಾನೆ. ಮನುವಿಗೆ ಆದ ಭಯವೂ ಇದೇ. ಆ ಭಯವು ಪೀಠದ ಮೇಲೆ ಕುಳಿತವನನ್ನು ಬಿಟ್ಟುಹೋದ ದಿನ, ಪೀಠವು ಮುಳ್ಳಿನ ಗಿಡದ ಪಾಲಾಯಿತೆಂದೇ ತಿಳಿಯಬೇಕು.

ಇದನ್ನೆಲ್ಲ ಪಾದ್ರಿಯವರಿಗೆ ಹೇಳಿದೆನು. ಅವರು ನನ್ನನ್ನು ಸಮಾಧಾನಗೊಳಿಸುವರೆಂದು ಎಣಿಸಿದ್ದೆನು. ಅವರು ಕೇಳಿದ್ದು ಒಂದೇ ಮಾತು: "ಹೊಡೆದದ್ದು ಎಲ್ಲರ ಮುಂದೆ. ಕ್ಷಮೆ ಕೇಳಿದ್ದು ಎಲ್ಲಿ, ಮಾಸ್ತರೇ?"

ನಾನು ಉತ್ತರ ಕೊಡಲಿಲ್ಲ. ಹಣ ಸಿಕ್ಕ ಮರುದಿನ ಪ್ರಾರ್ಥನೆಯ ಹೊತ್ತಿಗೆ ಅದೇ ಅಂಗಳದಲ್ಲಿ ನಿಂತು, ಆ ಹುಡುಗನು ಕಳ್ಳನಲ್ಲವೆಂದು ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಮಾಸ್ತರನ ಮರ್ಯಾದೆ ಹೋದರೆ ಶಾಲೆಯ ಶಿಸ್ತು ಉಳಿಯದೆಂದು ನನಗೆ ನಾನೇ ನೆವ ಹೇಳಿಕೊಂಡಿದ್ದೆನು. ಎಲ್ಲ ಸರಕಾರಗಳೂ ಹೇಳುವ ನೆವವು ಇದೇ ಅಲ್ಲವೇ?

ನಾನು ಇಷ್ಟು ದಿನ ವಿಚಾರಿಸಿ ತಲುಪಿದ ನಿರ್ಣಯವು ಹೀಗಿದೆ. ಪ್ರಭುತ್ವವು ಮೇಲಿನಿಂದ ಬಂದದ್ದೆಂದು ಕ್ರೈಸ್ತರು ಹೇಳಲಿ, ಪ್ರಜೆಗಳ ಒಡಂಬಡಿಕೆಯಿಂದ ಬಂದದ್ದೆಂದು ಭೀಷ್ಮನು ಹೇಳಲಿ. ಅದು ಆಳುವವನ ಸ್ವಂತ ಸೊತ್ತಲ್ಲವೆಂಬದರಲ್ಲಿ ಇಬ್ಬರೂ ಒಂದೇ. ಅದು ಇಟ್ಟುಕೊಳ್ಳಲು ಕೊಟ್ಟ ನ್ಯಾಸ. ಬಲವಿಲ್ಲದವನನ್ನು ಬಲವುಳ್ಳವನಿಂದ ಕಾಯುವದು ಅದರ ಮೊದಲನೆಯ ಪ್ರಯೋಜನ. ಎಲ್ಲರೂ ಕೂಡಿ ಬಾಳಲು ಅನುವು ಮಾಡಿಕೊಡುವದು ಎರಡನೆಯದು. ರಾಮದುರ್ಗ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕಿತ್ತೂರಿನ ಅರಮನೆಯು ಹಾಳುಗೋಡೆಗಳಾಗಿ ನಿಂತಿದೆ. ರಾಯಣ್ಣನು ಗಲ್ಲಿಗೇರಿದ ಜನೆವರಿ 26ರಂದೇ, 1950ರಲ್ಲಿ, ಭಾರತದ ಸಂವಿಧಾನವು ಜಾರಿಗೆ ಬಂದು ಅರಸುತನದ ಒಂದೊಂದು ತುಣುಕು ಒಬ್ಬೊಬ್ಬ ಮತದಾರನ ಕೈಗೆ ಬಂದಿತು. ಕೈಗೆ ಬಂದ ಆ ತುಣುಕಿನೊಡನೆ ಮನುವಿನ ಭಯವೂ ನಮ್ಮ ಪಾಲಿಗೆ ಬಂದಿದೆಯೇ ಎಂಬದನ್ನು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಆ ಹುಡುಗನು ಈಗ ನಡುವಯಸ್ಸಿನವನಾಗಿರಬೇಕು. ಎಲ್ಲಿರುವನೋ ನನಗೆ ತಿಳಿಯದು. ಆ ಶಾಲೆಯ ಅಂಗಳದಲ್ಲಿ ಅಂದು ನಿಂತಿದ್ದ ಹುಡುಗರಲ್ಲಿ ಕೆಲವರಾದರೂ ಈ ಮಾಸಪತ್ರಿಕೆಯನ್ನು ಓದುತ್ತಿರಬಹುದು. ಅವರೆಲ್ಲರ ಮುಂದೆ ಹೇಳುತ್ತೇನೆ: ಅವನು ಹಣವನ್ನು ತೆಗೆದಿರಲಿಲ್ಲ. ತಪ್ಪು ಬೆತ್ತ ಹಿಡಿದವನದು.